ಸ್ಯಾಂಪಲ್ ಬೆಂಗಳೂರಿಗೆ ಹೋಗುತ್ತದೆ



ತಾಲ್ಲೂಕು ಕೇಂದ್ರದ ಯಾವುದಾದರೂ ಲ್ಯಾಬಿನ ಮುಂದೆ ಬೆಳಿಗ್ಗೆ ಏಳೂವರೆಗೆ ಹೋಗಿ ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಖಾಲಿ ಹೊಟ್ಟೆಯಲ್ಲಿ ಬಂದ ಹಿರಿಯರೊಬ್ಬರು ತೋಳಿಗೆ ಹತ್ತಿ ಒತ್ತಿಕೊಂಡು ಕೂತಿರುತ್ತಾರೆ.

"ರಿಪೋರ್ಟ್ ಎಷ್ಟೊತ್ತಿಗಪ್ಪಾ?"

"ಶುಗರ್ ಈಗಲೇ ಕೊಡ್ತೀವಿ ಯಜಮಾನ್ರೇ. ಲಿಪಿಡ್ ಪ್ರೊಫೈಲ್ ಬೆಂಗಳೂರಿಗೆ ಹೋಗ್ಬೇಕು. ನಾಳೆ ಮಧ್ಯಾಹ್ನ ವಾಟ್ಸಾಪಿಗೆ ಬರುತ್ತೆ."

"ಅಲ್ಲೀವರ್ಗೂ ರಕ್ತ ಕೆಟ್ಟೋಗಲ್ವೇನಪ್ಪಾ?"

"ಐಸ್ ಡಬ್ಬಿಲಿ ಹೋಗುತ್ತೆ, ಏನೂ ಆಗಲ್ಲ ಬಿಡಿ."

ಯಜಮಾನರ ಪ್ರಶ್ನೆ ಪೂರ್ತಿ ಸರಿ. ಲ್ಯಾಬಿನ ಹುಡುಗನ ಉತ್ತರ ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿನ ಬಗ್ಗೆ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲು ಸಮಾಧಾನದ ಸಂಗತಿ. ರಕ್ತದಲ್ಲಿ ನಾವು ಅಳೆಯುವ ನೂರಾರು ವಸ್ತುಗಳ ಪೈಕಿ, ಲಿಪಿಡ್ ಪ್ರೊಫೈಲಿನ ಮುಖ್ಯ ಅಂಕಿಯಾದ ಕೊಲೆಸ್ಟರಾಲ್ ಗಟ್ಟಿ ಪಿಂಡ. ಸಕ್ಕರೆಯ ಕತೆ ಹಾಗಲ್ಲ. ರಕ್ತ ಟ್ಯೂಬಿಗೆ ಇಳಿದ ಮೇಲೂ ಅದರ ಕಣಗಳು ಬದುಕಿರುತ್ತವೆ, ಬದುಕುವುದಕ್ಕಾಗಿ ಗ್ಲೂಕೋಸನ್ನು ಉರಿಸುತ್ತಲೇ ಇರುತ್ತವೆ. ಕಣಗಳಿಂದ ಬೇರ್ಪಡಿಸದೆ ಹಾಗೇ ಮೇಜಿನ ಮೇಲಿಟ್ಟ ರಕ್ತದಲ್ಲಿ ಗಂಟೆಗೆ ಶೇಕಡಾ 5ರಿಂದ 7ರಷ್ಟು ಗ್ಲೂಕೋಸ್ ಇಳಿಯುತ್ತದೆ. ಶುಗರ್ ಪರೀಕ್ಷೆಗೆ ಬೂದು ಬಣ್ಣದ ಮುಚ್ಚಳದ, ಫ್ಲೋರೈಡ್ ಹಾಕಿದ ಬೇರೆಯೇ ಟ್ಯೂಬ್ ಬಳಸುವುದು ಇದಕ್ಕೇ. ಪೊಟ್ಯಾಸಿಯಂ ಇದಕ್ಕೆ ತಿರುಗಾ ಮುರುಗಾ. ಬೇರ್ಪಡಿಸದ ರಕ್ತವನ್ನು ಫ್ರಿಜ್‌ನಲ್ಲಿಟ್ಟರೆ ಕೆಂಪುಕಣಗಳ ಒಳಗಿನ ಪೊಟ್ಯಾಸಿಯಂ ಹೊರಕ್ಕೆ ಸೋರಿ, ಆರೋಗ್ಯವಾಗಿರುವ ಮನುಷ್ಯನ ರಿಪೋರ್ಟಿನಲ್ಲೂ ಡಾಕ್ಟರು ಗಾಬರಿಬೀಳುವಂಥ ಅಂಕಿ ಬರಬಹುದು.

ಕೊಲೆಸ್ಟರಾಲಿಗೆ ಈ ಎರಡೂ ತಾಪತ್ರಯ ಇಲ್ಲ. ಅದನ್ನು ಇಂಧನವಾಗಿ ಉರಿಸುವ ಕಣ ರಕ್ತದಲ್ಲಿಲ್ಲ. ನೀರಿನಲ್ಲಿ ಕರಗದ ಈ ವಸ್ತು ಪ್ರೋಟೀನಿನ ಹೊದಿಕೆ ಹೊದ್ದ ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಓಡಾಡುತ್ತದೆ. ಎಲ್‌ಡಿಎಲ್, ಎಚ್‌ಡಿಎಲ್, ವಿಎಲ್‌ಡಿಎಲ್ ಎಂದು ರಿಪೋರ್ಟಿನಲ್ಲಿ ಕಾಣುವುದು ಈ ಪೊಟ್ಟಣಗಳ ಹೆಸರು. ಕಣಗಳಿಂದ ಬೇರ್ಪಡಿಸಿ ಮುಚ್ಚಳ ಬಿಗಿಮಾಡಿದ ಹೊಂಬಣ್ಣದ ದ್ರವ, ಅಂದರೆ ಸೀರಂ, 4 ಡಿಗ್ರಿ ಸೆಲ್ಸಿಯಸ್ ಫ್ರಿಜ್‌ನಲ್ಲಿ ಕೂತರೆ ಅದರ ಒಟ್ಟು ಕೊಲೆಸ್ಟರಾಲ್ ಸುಮಾರು ಒಂದು ವಾರ ಕದಲುವುದಿಲ್ಲ. ಮೈನಸ್ 20 ಡಿಗ್ರಿಯಲ್ಲಿ ತಿಂಗಳುಗಟ್ಟಲೆ, ಮೈನಸ್ 80ರಲ್ಲಿ ವರ್ಷಗಟ್ಟಲೆ ಇಡಬಹುದು. ಹಾಸನದಿಂದಲೋ ಹಾವೇರಿಯಿಂದಲೋ ಒಂದು ರಾತ್ರಿ ಬೆಂಗಳೂರಿಗೆ ಪ್ರಯಾಣ ಮಾಡುವುದು ಅದಕ್ಕೆ ಯಾವ ಲೆಕ್ಕ?

ಹಾಗೆಂದು ಟ್ಯೂಬಿನೊಳಗೆ ಏನೂ ನಡೆಯುವುದಿಲ್ಲ ಎಂದಲ್ಲ. ಸೀರಂನಲ್ಲಿ ಎಲ್‌ಕ್ಯಾಟ್ ಎಂಬ ಒಂದು ಕಿಣ್ವ ಇದೆ. ಬಿಡಿಯಾಗಿರುವ ಕೊಲೆಸ್ಟರಾಲಿಗೆ ಒಂದು ಕೊಬ್ಬಿನ ಆಮ್ಲ ಅಂಟಿಸಿ ಎಸ್ಟರ್ ಮಾಡುವುದು ಅದರ ಕಸುಬು. ಮೈಯಿಂದ ಹೊರಬಂದ ಮೇಲೂ ಅದು ಕೆಲಸ ನಿಲ್ಲಿಸುವುದಿಲ್ಲ. ಬೆಚ್ಚಗಿನ ಕೋಣೆಯಲ್ಲಿ ಬಿಟ್ಟ ಸೀರಂನಲ್ಲಿ ಬಿಡಿ ಕೊಲೆಸ್ಟರಾಲ್ ಕಡಿಮೆಯಾಗುತ್ತಾ ಎಸ್ಟರ್ ಹೆಚ್ಚಾಗುತ್ತಾ ಹೋಗುತ್ತದೆ. ಆದರೂ ರಿಪೋರ್ಟಿಗೆ ಇದು ತಟ್ಟುವುದಿಲ್ಲ. ಲ್ಯಾಬಿನ ಪರೀಕ್ಷೆ ಮೊದಲ ಹೆಜ್ಜೆಯಲ್ಲೇ ಎಸ್ಟರನ್ನೆಲ್ಲ ಬಿಡಿಸಿ, ಎಲ್ಲವನ್ನೂ ಒಟ್ಟಿಗೆ ಎಣಿಸುತ್ತದೆ. ಆಮೇಲೆ ಇನ್ನೊಂದು ಕಿಣ್ವ ಕೊಲೆಸ್ಟರಾಲನ್ನು ಉತ್ಕರ್ಷಿಸುತ್ತದೆ, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ಮೂರನೆಯ ಕಿಣ್ವ ಆ ಪೆರಾಕ್ಸೈಡಿನಿಂದ ಒಂದು ನಸುಗೆಂಪು ಬಣ್ಣ ಬರಿಸುತ್ತದೆ. ಬಣ್ಣ ಗಾಢವಾದಷ್ಟೂ ಕೊಲೆಸ್ಟರಾಲ್ ಹೆಚ್ಚು. 1974ರಲ್ಲಿ ಪ್ರಕಟವಾದ ಈ ವಿಧಾನವೇ ಸಣ್ಣಪುಟ್ಟ ಮಾರ್ಪಾಟಿನೊಂದಿಗೆ ಇವತ್ತಿಗೂ ಬಹುತೇಕ ಎಲ್ಲ ಲ್ಯಾಬುಗಳಲ್ಲಿ ನಡೆಯುತ್ತಿದೆ. ಅದಕ್ಕೆ ಮೊದಲು ಗಂಧಕಾಮ್ಲ, ಅಸಿಟಿಕ್ ಅನ್‌ಹೈಡ್ರೈಡ್ ಬೆರೆಸಿ ಹಸಿರು ಬಣ್ಣ ಬರಿಸುತ್ತಿದ್ದರು. ಆ ಕಾಲದ ಲ್ಯಾಬಿನವರ ಏಪ್ರನ್ನಿನಲ್ಲಿ ತೂತುಗಳಿದ್ದರೆ ಅದಕ್ಕೆ ಕಾರಣ ಕೇಳಬೇಕಾಗಿರಲಿಲ್ಲ.

ಲಿಪಿಡ್ ಪ್ರೊಫೈಲಿನ ಇನ್ನೊಂದು ಅಂಶವಾದ ಟ್ರೈಗ್ಲಿಸರೈಡ್ ಸ್ವಲ್ಪ ನಾಜೂಕು. ಅದು ಗ್ಲಿಸರಾಲಿಗೆ ಮೂರು ಕೊಬ್ಬಿನ ಆಮ್ಲ ಜೋಡಿಸಿದ ಅಣು. ಸೀರಂ ಬೆಚ್ಚಗೆ ಕೂತರೆ ಲೈಪೇಸ್ ಎಂಬ ಕಿಣ್ವಗಳು ಈ ಅಣುವನ್ನು ಬಿಡಿಸತೊಡಗುತ್ತವೆ. ಲ್ಯಾಬ್ ನೇರವಾಗಿ ಟ್ರೈಗ್ಲಿಸರೈಡನ್ನು ಅಳೆಯುವುದಿಲ್ಲ. ಅದನ್ನು ಒಡೆದು, ಹೊರಬಂದ ಗ್ಲಿಸರಾಲನ್ನು ಅಳೆಯುತ್ತದೆ. ಆದ್ದರಿಂದ ಮೊದಲೇ ಬಿಡಿಯಾದ ಗ್ಲಿಸರಾಲೂ ಅದೇ ಲೆಕ್ಕಕ್ಕೆ ಸೇರಿಬಿಡುತ್ತದೆ, ಒಳಗೆ ಆದ ನಷ್ಟ ಅಂಕಿಯಲ್ಲಿ ಕಾಣಿಸುವುದೇ ಇಲ್ಲ. ಇದೇ ಗುಣ ಇನ್ನೊಂದು ಕಡೆ ತೊಡಕಾಗುತ್ತದೆ. ಹಿಂದೆ ಕೆಲವು ವ್ಯಾಕ್ಯೂಮ್ ಟ್ಯೂಬುಗಳ ರಬ್ಬರ್ ಬಿರಡೆ ಸಲೀಸಾಗಿ ಕೂರಲೆಂದು ಅದಕ್ಕೆ ಗ್ಲಿಸರಾಲ್ ಸವರುತ್ತಿದ್ದರು. ಬಿರಡೆಯ ಗ್ಲಿಸರಾಲ್ ರಕ್ತಕ್ಕೆ ಸೇರಿ, ಏನೂ ತಿನ್ನದವರಿಗೂ ಟ್ರೈಗ್ಲಿಸರೈಡ್ ಏರಿಸಿಬಿಡುತ್ತಿತ್ತು. ಹುಟ್ಟಿನಿಂದಲೇ ಗ್ಲಿಸರಾಲ್ ಕೈನೇಸ್ ಎಂಬ ಕಿಣ್ವದ ಕೊರತೆ ಇರುವ ಅಪರೂಪದ ಜನರೂ ಇದ್ದಾರೆ. ಅವರ ಟ್ರೈಗ್ಲಿಸರೈಡ್ ಸಾವಿರದ ಹತ್ತಿರ ಬಂದರೂ ಅವರ ಸೀರಂ ಕನ್ನಡಿಯಂತೆ ತಿಳಿಯಾಗಿರುತ್ತದೆ. ಅಂಥ ರಿಪೋರ್ಟ್ ಕಂಡಾಗ ಅನುಭವಸ್ಥ ಟೆಕ್ನಿಶಿಯನ್ ಮೆಷೀನನ್ನು ಬಿಟ್ಟು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಅಷ್ಟು ಕೊಬ್ಬು ನಿಜವಾಗಿ ಇದ್ದಿದ್ದರೆ ಸೀರಂ ಹಾಲಿನಂತೆ ಬೆಳ್ಳಗಾಗಿರಬೇಕಿತ್ತು.

ಹುಡುಗನ ಉತ್ತರದಲ್ಲಿ ಉಳಿದ ಕಾಲು ಪಾಲು ಶುರುವಾಗುವುದು "ಐಸ್ ಡಬ್ಬಿ" ಎನ್ನುವಲ್ಲಿ. ಫ್ರಿಜ್‌ಗೆ ಹೋಗಬೇಕಾದದ್ದು ಸೀರಂ, ರಕ್ತವಲ್ಲ. ಹಳದಿ ಅಥವಾ ಕೆಂಪು ಮುಚ್ಚಳದ ಟ್ಯೂಬಿನಲ್ಲಿ ತೆಗೆದ ರಕ್ತ ಮೊದಲು ನೆಟ್ಟಗೆ ನಿಂತು ಹೆಪ್ಪುಗಟ್ಟಬೇಕು. ಅದಕ್ಕೆ ಸುಮಾರು ಅರ್ಧ ಗಂಟೆ ಬೇಕು. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಕಣಗಳು ಕೆಳಗೆ ಕೂತು, ಹೊಂಬಣ್ಣದ ಸೀರಂ ಮೇಲೆ ನಿಲ್ಲುತ್ತದೆ. ಹಳದಿ ಮುಚ್ಚಳದ ಟ್ಯೂಬಿನಲ್ಲಿರುವ ಜೆಲ್ ನಡುವೆ ಅಡ್ಡಗೋಡೆಯಾಗಿ ನಿಲ್ಲುತ್ತದೆ. ಬಾಕ್ಸ್ ಹೊರಡುವ ಹೊತ್ತಾಯಿತೆಂದು ಈ ಅರ್ಧ ಗಂಟೆಗೆ ಕತ್ತರಿ ಹಾಕಿದರೆ ಹೆಪ್ಪು ಅರೆಬರೆಯಾಗುತ್ತದೆ. ಸೀರಂನಲ್ಲಿ ಕಣ್ಣಿಗೆ ಕಾಣದ ಫೈಬ್ರಿನ್ ಎಳೆಗಳು ಉಳಿದು, ಮೆಷೀನಿನ ಹೀರುಸೂಜಿಗೆ ಸಿಕ್ಕಿಕೊಳ್ಳುತ್ತವೆ. ಸೂಜಿ ಕಡಿಮೆ ಸೀರಂ ಹೀರುತ್ತದೆ, ಎಲ್ಲ ಅಂಕಿಗಳೂ ಕೆಳಗಿಳಿಯುತ್ತವೆ. ಬೇರ್ಪಡಿಸದ ರಕ್ತ ಐಸ್ ಗಡ್ಡೆಗೆ ನೇರವಾಗಿ ತಾಗಿದರೆ ಇನ್ನೂ ಅನಾಹುತ. ಕೆಂಪುಕಣ ಒಡೆದು ಸೀರಂ ಕೆಂಪಗಾಗುತ್ತದೆ. ನಮ್ಮ ಪರೀಕ್ಷೆಯೇ ಬಣ್ಣದ ಮೇಲೆ ನಿಂತಿರುವಾಗ ಇನ್ನೊಂದು ಬಣ್ಣ ಸೇರಿದರೆ ಏನಾಗುತ್ತದೆಂದು ನೀವೇ ಊಹಿಸಿ.

ಡೀಪ್ ಫ್ರೀಜರಿನ ಕತೆಯಲ್ಲಿ ಒಂದು ಸೂಕ್ಷ್ಮ ಇದೆ. ಸೀರಂ ಮಂಜುಗಡ್ಡೆಯಾಗುವಾಗ ನೀರು ಮೊದಲು ಗಡ್ಡೆ ಕಟ್ಟುತ್ತದೆ. ಪ್ರೋಟೀನು, ಲಿಪಿಡ್, ಲವಣ ಎಲ್ಲವೂ ಉಳಿದ ದ್ರವದಲ್ಲಿ ಒತ್ತೊತ್ತಾಗಿ ಸೇರಿಕೊಳ್ಳುತ್ತವೆ. ಕರಗಿಸಿದಾಗ ಭಾರದ ಭಾಗ ತಳ ಸೇರುತ್ತದೆ, ಮೇಲಿನ ಪದರದಲ್ಲಿ ಹೆಚ್ಚು ಪಾಲು ನೀರೇ ಇರುತ್ತದೆ. ಗಮನವಿಟ್ಟು ನೋಡಿದರೆ ಮೇಲೆ ತೆಳು ಹಳದಿ, ತಳದಲ್ಲಿ ಗಾಢ ಹಳದಿ ಕಾಣುತ್ತದೆ. ಮೆಷೀನಿನ ಸೂಜಿಗೆ ಇದೆಲ್ಲ ಗೊತ್ತಿಲ್ಲ. ಅದು ಮೇಲಿನಿಂದ ಹೀರುತ್ತದೆ. ಟ್ಯೂಬನ್ನು ನಿಧಾನವಾಗಿ ನಾಲ್ಕಾರು ಸಲ ತಲೆಕೆಳಗು ಮಾಡಿ ಬೆರೆಸದೆ ಹಾಗೇ ಮೆಷೀನಿಗೆ ಕೊಟ್ಟರೆ ಕೊಲೆಸ್ಟರಾಲ್ ಕಡಿಮೆ ಬರುತ್ತದೆ. ಸ್ಯಾಂಪಲ್ ಕೆಟ್ಟಿಲ್ಲ, ಅಣು ಒಂದೂ ಕಳೆದಿಲ್ಲ, ಆದರೂ ರಿಪೋರ್ಟ್ ತಪ್ಪು. ಇದಕ್ಕಿಂತ ಬೇಸರದ ತಪ್ಪು ನನಗೆ ಗೊತ್ತಿಲ್ಲ, ಏಕೆಂದರೆ ಇದನ್ನು ತಪ್ಪಿಸಲು ಬೇಕಾದದ್ದು ಹತ್ತು ಸೆಕೆಂಡು.

ಮನೆಯ ಫ್ರಿಜ್‌ನಂತೆ ತಾನೇ ಐಸ್ ಕರಗಿಸಿಕೊಳ್ಳುವ ಫ್ರೀಜರುಗಳನ್ನು ಸ್ಯಾಂಪಲ್ ಇಡಲು ಬಳಸಬಾರದು ಎನ್ನುವುದೂ ಇದೇ ಕಾರಣಕ್ಕೆ. ಐಸ್ ಕಟ್ಟಬಾರದೆಂದು ಅವು ಆಗಾಗ ಒಳಗೆ ಬೆಚ್ಚಗಾಗುತ್ತವೆ. ಸೀರಂ ಪ್ರತಿ ಸಲ ಕರಗಿ ಮತ್ತೆ ಗಡ್ಡೆ ಕಟ್ಟುತ್ತದೆ. ಕೊಲೆಸ್ಟರಾಲ್ ಅಣು ತಡೆದುಕೊಂಡರೂ ದೊಡ್ಡ ಕೊಬ್ಬಿನ ಪೊಟ್ಟಣಗಳು ಒಡೆದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಟ್ರೈಗ್ಲಿಸರೈಡ್ ಹೆಚ್ಚಿರುವ ಸೀರಂ ಹೀಗಾದ ಮೇಲೆ ಮಬ್ಬಾಗಿ ಹಿಟ್ಟು ಹಿಟ್ಟಾಗುತ್ತದೆ. ಎಷ್ಟು ಬೆರೆಸಿದರೂ ಮೊದಲಿನಂತಾಗುವುದಿಲ್ಲ.

ಶೇಖರಣೆಯ ವಿಷಯದಲ್ಲಿ ಮೈಮೇಲೆ ಎಚ್ಚರವಿಟ್ಟು ಮಾಡಿದ ದೊಡ್ಡ ಕೆಲಸವೊಂದನ್ನು ಹೇಳಬೇಕು. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಎಂಬ ಸಂಶೋಧನಾ ಯೋಜನೆ 2006ರಿಂದ 2010ರವರೆಗೆ 40ರಿಂದ 69 ವರ್ಷದ ಸುಮಾರು 5 ಲಕ್ಷ ಜನರಿಂದ ರಕ್ತ ತೆಗೆಯಿತು. ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್‌ನಲ್ಲಿ ಹರಡಿದ್ದ 22 ಕೇಂದ್ರಗಳು. ಪ್ರತಿ ಕೇಂದ್ರದಲ್ಲೂ ದೊಡ್ಡ ಲ್ಯಾಬ್ ಕಟ್ಟುವ ಬದಲು, ಸ್ಯಾಂಪಲ್‌ಗಳನ್ನೆಲ್ಲ 4 ಡಿಗ್ರಿಯಲ್ಲಿಟ್ಟು ರಾತ್ರೋರಾತ್ರಿ ಮ್ಯಾಂಚೆಸ್ಟರ್ ಹತ್ತಿರದ ಸ್ಟಾಕ್‌ಪೋರ್ಟಿಗೆ ಸಾಗಿಸುವುದೆಂದು ತೀರ್ಮಾನವಾಯಿತು. ಜೀವಂತ ಕಣ ಬೇಕಿದ್ದ ಟ್ಯೂಬ್ ಒಂದು ಮಾತ್ರ 18 ಡಿಗ್ರಿಯಲ್ಲಿ ಹೋಗುತ್ತಿತ್ತು. ನಮ್ಮ ಯಜಮಾನರ ಪ್ರಶ್ನೆಯನ್ನೇ ಅವರೂ ಹಾಕಿಕೊಂಡಿದ್ದರು. ಒಂದು ದಿನ ತಡವಾದರೆ ಏನಾಗುತ್ತದೆ ಎಂದು ಮುಂಚಿತವಾಗಿಯೇ ಪರೀಕ್ಷೆ ಮಾಡಿ ನೋಡಿ, ಆಮೇಲೆ ಈ ದಾರಿ ಹಿಡಿದರು. ಸ್ಟಾಕ್‌ಪೋರ್ಟಿನಲ್ಲಿ ರೋಬೋಟುಗಳು ಸೀರಂ ಹೀರಿ ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚುತ್ತಿದ್ದವು. ಒಂದು ಪಾಲು ಮೈನಸ್ 80ಕ್ಕೆ, ಇನ್ನೊಂದು ಪಾಲು ಬೇರೊಂದು ಜಾಗದಲ್ಲಿ ದ್ರವ ಸಾರಜನಕಕ್ಕೆ.

ವರ್ಷಗಳ ಮೇಲೆ ಆ ಟ್ಯೂಬುಗಳನ್ನು ತೆಗೆದು ಕೊಲೆಸ್ಟರಾಲ್ ಸೇರಿದಂತೆ ಮೂವತ್ತಕ್ಕೂ ಹೆಚ್ಚು ಅಂಶಗಳನ್ನು ಅಳೆಯಲಾಯಿತು. ಆಗ ಕೆಲವು ಸೀರಂ ತೆಳ್ಳಗಾಗಿರುವ ಹಾಗೆ ತೋರಿತು. ಫ್ರೀಜರಿನ ಮೇಲೆ ಗುಮಾನಿ ಬರುವುದು ಸಹಜ. ಹುಡುಕುತ್ತಾ ಹೋದರೆ ಸಿಕ್ಕಿದ್ದು ಬೇರೆಯೇ. ಸೀರಂ ಹಂಚುವ ರೋಬೋಟಿನ ಸೀಲುಗಳು ನಿರ್ವಾತವನ್ನು ಬಿಗಿಯಾಗಿ ಹಿಡಿಯದೆ, ಯಂತ್ರದೊಳಗಿನ ನೀರು ಸ್ವಲ್ಪ ಸ್ವಲ್ಪ ಸ್ಯಾಂಪಲ್ಲಿಗೆ ಬೆರೆತಿತ್ತು. ಅದನ್ನು ಮುಚ್ಚಿಡಲಿಲ್ಲ. ಸಂಶೋಧಕರು ಲೆಕ್ಕದಲ್ಲಿ ಸರಿಪಡಿಸಿಕೊಳ್ಳಲೆಂದು ಅದರ ವಿವರವನ್ನು ಪ್ರಕಟಿಸಿದರು. ಈ ಪ್ರಾಮಾಣಿಕತೆಯನ್ನು ನಾನು ಆ ಐದು ಲಕ್ಷ ಜನರ ಟ್ಯೂಬುಗಳಷ್ಟೇ ದೊಡ್ಡದೆಂದು ಎಣಿಸುತ್ತೇನೆ. ಒಂದು ರಾತ್ರಿಯ ಪ್ರಯಾಣ, ವರ್ಷಗಳ ಮೈನಸ್ 80, ಎರಡನ್ನೂ ಕೊಲೆಸ್ಟರಾಲ್ ತಾಳಿಕೊಂಡಿತು. ಬಿಗಿಯಾಗಿ ಕೂರದ ಸೀಲುಗಳನ್ನು ತಾಳಿಕೊಳ್ಳಲಿಲ್ಲ.

ಲ್ಯಾಬಿನ ತಪ್ಪುಗಳ ಸ್ವಭಾವವೇ ಹೀಗೆ. ಇಟಲಿಯ ಪಡುವಾ ವಿಶ್ವವಿದ್ಯಾಲಯದ ಆಸ್ಪತ್ರೆಯ ಲ್ಯಾಬಿನಲ್ಲಿ ತಪ್ಪುಗಳನ್ನೆಲ್ಲ ಪಟ್ಟಿಮಾಡಿ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪ್ರಸಿದ್ಧ. ಅದರ ಪ್ರಕಾರ ಒಟ್ಟು ತಪ್ಪುಗಳಲ್ಲಿ ಶೇಕಡಾ 68ರಷ್ಟು ಸ್ಯಾಂಪಲ್ ಮೆಷೀನಿಗೆ ಹೋಗುವುದಕ್ಕೆ ಮೊದಲೇ ಆಗಿಹೋಗಿದ್ದವು. ಮೆಷೀನ್ ಮಾಡಿದ ತಪ್ಪು ಅದರ ಮುಂದೆ ತೀರಾ ಕಡಿಮೆ. ನಮ್ಮಲ್ಲೂ ಲ್ಯಾಬುಗಳ ಮೇಲೆ ನಿಗಾ ಇಡುವ ವ್ಯವಸ್ಥೆ ಇದೆ. ಎನ್‌ಎಬಿಎಲ್ ಎಂಬ ಸಂಸ್ಥೆ ಮಾನ್ಯತೆ ಕೊಡುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ದೇಶದ ಲ್ಯಾಬುಗಳಿಗೆ ಗುಟ್ಟಿನ ಸ್ಯಾಂಪಲ್ ಕಳಿಸಿ, ಬಂದ ಉತ್ತರಗಳನ್ನು ಹೋಲಿಸಿ ನೋಡುವ ಯೋಜನೆಯನ್ನು ಬಹಳ ಕಾಲದಿಂದ ನಡೆಸುತ್ತಿದೆ. ಒಳ್ಳೆಯ ಕೆಲಸ. ಆದರೆ ಆ ಸ್ಯಾಂಪಲ್ ಲ್ಯಾಬಿಗೆ ಬಂದವರ ತೋಳಿನಿಂದ ತೆಗೆದದ್ದಲ್ಲ, ಯಾವ ಕಲೆಕ್ಷನ್ ಸೆಂಟರಿನ ಮೇಜಿನ ಮೇಲೂ ಕೂತದ್ದಲ್ಲ. ತೋಳಿನಿಂದ ಮೆಷೀನಿನವರೆಗಿನ ದಾರಿಗೆ ಪರೀಕ್ಷೆ ಇಡುವವರು ಕಡಿಮೆ.

ಆ ದಾರಿಯ ಮೊದಲ ಎರಡು ನಿಮಿಷವನ್ನು ನೋಡಿ. ನರ ಉಬ್ಬಲೆಂದು ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಾರೆ. ರಕ್ತ ಮರಳಿ ಹೋಗಲಾರದೆ ಅಲ್ಲೇ ನಿಲ್ಲುತ್ತದೆ. ಒಳಗಿನ ಒತ್ತಡಕ್ಕೆ ನೀರು, ಸಣ್ಣ ಅಣುಗಳು ರಕ್ತನಾಳದ ಗೋಡೆ ದಾಟಿ ಹೊರಗೆ ಜಾರುತ್ತವೆ. ಎಲ್‌ಡಿಎಲ್‌ನಂಥ ದಪ್ಪ ಪೊಟ್ಟಣಗಳು ಒಳಗೇ ಉಳಿಯುತ್ತವೆ. ಪಟ್ಟಿ ಎರಡು ನಿಮಿಷ ಇದ್ದರೆ ಕೊಲೆಸ್ಟರಾಲ್ ಶೇಕಡಾ 2ರಿಂದ 5ರಷ್ಟು, ಐದು ನಿಮಿಷ ಇದ್ದರೆ ಶೇಕಡಾ 10ರಿಂದ 15ರಷ್ಟು ಹೆಚ್ಚು ತೋರಿಸಬಹುದು. 200 ಇರಬೇಕಾದದ್ದು 225 ಆಗುತ್ತದೆ. ಪಟ್ಟಿ ಒಂದು ನಿಮಿಷ ದಾಟಬಾರದೆಂಬ ನಿಯಮ ಇರುವುದು ಇದಕ್ಕೆ. ಆದರೆ ಬೆಳಗಿನ ಹೊತ್ತು ಲ್ಯಾಬಿನಲ್ಲಿ ನಡೆಯುವುದೇನು? ಪಟ್ಟಿ ಬಿಗಿದು, "ಮುಷ್ಟಿ ಬಿಗಿ ಹಿಡೀರಿ, ಬಿಡಿ, ಹಿಡೀರಿ" ಎಂದು ಹೇಳಿ, ಟ್ಯೂಬಿಗೆ ಹೆಸರಿನ ಚೀಟಿ ಅಂಟಿಸಲು ಆ ಕಡೆ ತಿರುಗುತ್ತಾರೆ. ಅಷ್ಟರಲ್ಲಿ ಫೋನ್ ಬರುತ್ತದೆ. ದಪ್ಪ ತೋಳಿನವರಿಗೆ ನರ ಸಿಗುವುದಿಲ್ಲ, ಇನ್ನೊಂದು ಸಲ ಚುಚ್ಚಬೇಕಾಗುತ್ತದೆ, ಪಟ್ಟಿ ಮಾತ್ರ ಹಾಗೇ ಇರುತ್ತದೆ. ಕೊಲೆಸ್ಟರಾಲ್ ಹೆಚ್ಚಿರಬಹುದೆಂಬ ಅನುಮಾನ ಯಾರ ಮೇಲಿದೆಯೋ ಅವರ ತೋಳಿಗೇ ಪಟ್ಟಿ ಹೆಚ್ಚು ಹೊತ್ತು ಇರುವುದು ಈ ಕೆಲಸದ ವಿಪರ್ಯಾಸ.

ಕೂರುವುದು, ನಿಲ್ಲುವುದು, ಮಲಗುವುದೂ ಲೆಕ್ಕಕ್ಕೆ ಬರುತ್ತದೆ. ನಿಂತಿದ್ದವರು ಮಲಗಿದರೆ ಕಾಲುಗಳ ಕಡೆ ಇಳಿದಿದ್ದ ನೀರು ಮತ್ತೆ ರಕ್ತಕ್ಕೆ ಮರಳುತ್ತದೆ. ಇಪ್ಪತ್ತು ನಿಮಿಷದಲ್ಲಿ ಕೊಲೆಸ್ಟರಾಲ್ ಸುಮಾರು ಶೇಕಡಾ 10ರಷ್ಟು ಇಳಿಯುತ್ತದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಬೆಳಗಿನ ಜಾವ ತೆಗೆದ ರಕ್ತ, ವಾಕಿಂಗ್ ಮುಗಿಸಿ ಬಂದು ಕೌಂಟರಿನ ಎದುರು ಸಾಲಿನಲ್ಲಿ ನಿಂತು ಕೊಟ್ಟ ರಕ್ತ, ಎರಡೂ ಒಬ್ಬರದೇ ಆದರೂ ಅಂಕಿ ಒಂದೇ ಆಗುವುದಿಲ್ಲ. ಆದ್ದರಿಂದ ರಕ್ತ ಕೊಡುವ ಮೊದಲು ಐದು ನಿಮಿಷ ಕುರ್ಚಿಯಲ್ಲಿ ಸುಮ್ಮನೆ ಕೂತಿರಬೇಕು. ಟ್ಯೂಬಿನ ಆಯ್ಕೆಯಿಂದಲೂ ಒಂದಿಷ್ಟು ವ್ಯತ್ಯಾಸ ಬರುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ ಎಂಬ ರಾಸಾಯನಿಕ ಕೆಂಪುಕಣಗಳಿಂದ ನೀರೆಳೆದು, ಪ್ಲಾಸ್ಮಾವನ್ನು, ಅಂದರೆ ಹೆಪ್ಪುಗಟ್ಟದ ರಕ್ತದ ದ್ರವಭಾಗವನ್ನು, ತುಸು ತೆಳ್ಳಗೆ ಮಾಡುತ್ತದೆ. ಸೀರಂಗಿಂತ ಅದರಲ್ಲಿ ಕೊಲೆಸ್ಟರಾಲ್ ಸುಮಾರು ಶೇಕಡಾ 3ರಷ್ಟು ಕಡಿಮೆ ಬರುತ್ತದೆ.

ಇವೆಲ್ಲ ಸಣ್ಣ ಸಣ್ಣ ಏರುಪೇರು, ಹೋಗಲಿ ಬಿಡಿ ಎನ್ನಬಹುದು. ಎಲ್‌ಡಿಎಲ್ ಹತ್ತಿರ ಬಂದಾಗ ಹಾಗೆನ್ನಲು ಆಗುವುದಿಲ್ಲ. ಮಾತ್ರೆ ಬರೆಯುವುದು, ನಿಲ್ಲಿಸುವುದು, ಡೋಸ್ ಏರಿಸುವುದು ಎಲ್ಲವೂ ನಿಂತಿರುವುದು ಎಲ್‌ಡಿಎಲ್ ಮೇಲೆ. ಬಹುಪಾಲು ರಿಪೋರ್ಟುಗಳಲ್ಲಿ ಆ ಎಲ್‌ಡಿಎಲ್ ಅಳೆದದ್ದಲ್ಲ, ಲೆಕ್ಕ ಹಾಕಿದ್ದು. 1972ರಲ್ಲಿ ಫ್ರೀಡ್‌ವಾಲ್ಡ್, ಲೆವಿ, ಫ್ರೆಡ್ರಿಕ್‌ಸನ್ ಎಂಬ ಮೂವರು ಅಮೆರಿಕನ್ ವಿಜ್ಞಾನಿಗಳು ಒಂದು ಸರಳ ಸೂತ್ರ ಕೊಟ್ಟರು. ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡಿನ ಐದನೇ ಒಂದು ಪಾಲು ಕಳೆಯಿರಿ, ಉಳಿದದ್ದು ಎಲ್‌ಡಿಎಲ್. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ಬಳಸಬೇಡಿ ಎಂದು ಅವರೇ ಹೇಳಿದ್ದಾರೆ. 2013ರಲ್ಲಿ, 2020ರಲ್ಲಿ ಇದಕ್ಕಿಂತ ನಿಖರವಾದ ಸೂತ್ರಗಳು ಬಂದಿವೆ. ಆದರೂ ಹಳೆಯ ಸೂತ್ರ ಲ್ಯಾಬುಗಳ ಕಂಪ್ಯೂಟರಿನಿಂದ ಪೂರ್ತಿ ಕಾಲ್ತೆಗೆದಿಲ್ಲ.

ಒಂದು ಲೆಕ್ಕ ಮಾಡೋಣ. ಒಟ್ಟು ಕೊಲೆಸ್ಟರಾಲ್ 200, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 150. ಎಲ್‌ಡಿಎಲ್ 130. ಯಾವುದೋ ತಪ್ಪಿನಿಂದ ಒಟ್ಟು ಕೊಲೆಸ್ಟರಾಲ್ ಒಂದೇ ಶೇಕಡಾ 5 ಏರಿತು, 210 ಆಯಿತು ಎನ್ನಿ. ಎಲ್‌ಡಿಎಲ್ 140. ಐದು ಪರ್ಸೆಂಟಿನ ತಪ್ಪು ಎಂಟು ಪರ್ಸೆಂಟಿಗೆ ಹತ್ತಿರವಾಯಿತು. ಈಗ ಹೃದಯಾಘಾತ ಆಗಿ, ಸ್ಟಾಟಿನ್ ಮಾತ್ರೆ ನುಂಗುತ್ತಿರುವವರನ್ನು ನೋಡಿ. ಒಟ್ಟು 130, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 150, ಎಲ್‌ಡಿಎಲ್ 60. ಅದೇ ಶೇಕಡಾ 5ರ ಏರುಪೇರು ಇಲ್ಲಿ ಎಲ್‌ಡಿಎಲ್‌ನಲ್ಲಿ ಶೇಕಡಾ 10ಕ್ಕೂ ಮೀರುತ್ತದೆ. ಅಂಕಿ ಸಣ್ಣದಾದಷ್ಟೂ ಸ್ಯಾಂಪಲ್ಲಿನ ತಪ್ಪು ದೊಡ್ಡದಾಗುತ್ತದೆ. ಚಿಕಿತ್ಸೆಯಲ್ಲಿರುವವರ ಸ್ಯಾಂಪಲ್ಲನ್ನೇ ಹೆಚ್ಚು ಜೋಪಾನ ಮಾಡಬೇಕು ಎಂದು ನಾನು ಹೇಳುವುದು ಇದಕ್ಕೆ.

ನಮ್ಮ ದೇಶದಲ್ಲಿ ಎಚ್‌ಡಿಎಲ್, ಟ್ರೈಗ್ಲಿಸರೈಡ್‌ಗಳಿಗೆ ವಿಶೇಷ ಗಮನ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2014ರಲ್ಲಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢದ ಜನರ ಲಿಪಿಡ್ ಅಂಕಿಗಳನ್ನು ಪ್ರಕಟಿಸಿತು. ಒಟ್ಟು ಕೊಲೆಸ್ಟರಾಲ್ ಹೆಚ್ಚಿದ್ದವರು ಶೇಕಡಾ 14ರಷ್ಟು ಜನ ಮಾತ್ರ. ಎಚ್‌ಡಿಎಲ್ ಕಡಿಮೆ ಇದ್ದವರು ಶೇಕಡಾ 72ರಷ್ಟು. ಅಂದರೆ ನಮ್ಮವರಲ್ಲಿ ಹೆಚ್ಚಿನ ತೊಂದರೆ ಇರುವುದು ಸಣ್ಣ ಅಂಕಿಯ ಎಚ್‌ಡಿಎಲ್‌ನಲ್ಲಿ. 38ಕ್ಕೂ 41ಕ್ಕೂ ನಡುವಿನ ಮೂರು ಮಿಲಿಗ್ರಾಂ ವ್ಯತ್ಯಾಸ ಗಂಡಸರ ರಿಪೋರ್ಟಿನಲ್ಲಿ ಕೆಂಪು ಗುರುತು ಹಾಕಿಸುತ್ತದೆ ಅಥವಾ ಅಳಿಸುತ್ತದೆ.

ಇಷ್ಟು ಹೊತ್ತು ಸ್ಯಾಂಪಲ್ ಕಾದು ಕೂತರೆ ತೊಂದರೆ ಎನ್ನುವ ಮಾತೇ ಆಯಿತು. ಕಾದು ಕೂರುವುದೇ ಪರೀಕ್ಷೆಯಾಗುವ ಸಂದರ್ಭವೂ ಇದೆ, ಅದು ನನಗೆ ತುಂಬಾ ಇಷ್ಟ. ಹಾಲಿನ ಹಾಗೆ ಬೆಳ್ಳಗಿರುವ ಸೀರಂ ಬಂದರೆ ಅದನ್ನು ಅಲ್ಲಾಡಿಸದೆ ಒಂದು ರಾತ್ರಿ 4 ಡಿಗ್ರಿಯಲ್ಲಿ ನಿಲ್ಲಿಸುತ್ತಾರೆ. ಬೆಳಿಗ್ಗೆ ನೋಡಿದಾಗ ಮೇಲೆ ಕೆನೆ ಕಟ್ಟಿ ಕೆಳಗೆ ಸೀರಂ ತಿಳಿಯಾಗಿದ್ದರೆ ಅದು ಕೈಲೊಮೈಕ್ರಾನ್, ಅಂದರೆ ಊಟದ ಕೊಬ್ಬನ್ನು ಹೊತ್ತ ದೊಡ್ಡ ಪೊಟ್ಟಣ. ಕೆನೆ ಇಲ್ಲದೆ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನೆ ಮಬ್ಬಾಗಿದ್ದರೆ ಅದು ಪಿತ್ತಜನಕಾಂಗ ತಯಾರಿಸಿದ ವಿಎಲ್‌ಡಿಎಲ್. ಕೆನೆಯೂ ಇದ್ದು ಕೆಳಗೂ ಮಬ್ಬಿದ್ದರೆ ಎರಡೂ ಇವೆ ಎಂದರ್ಥ. 1967ರಲ್ಲಿ ಫ್ರೆಡ್ರಿಕ್‌ಸನ್ ಮತ್ತು ಸಂಗಡಿಗರು ಲಿಪಿಡ್ ಕಾಯಿಲೆಗಳನ್ನು ವಿಂಗಡಿಸಿದಾಗ ಈ ನೋಟವೂ ಉಪಯೋಗಕ್ಕೆ ಬಂತು. ಲಕ್ಷಗಟ್ಟಲೆಯ ಮೆಷೀನ್ ಇಲ್ಲದೆ, ಕರೆಂಟಿರುವ ಒಂದು ಫ್ರಿಜ್, ನೋಡಬಲ್ಲ ಎರಡು ಕಣ್ಣಿದ್ದರೆ ಸಾಕು.

ಖಾಲಿ ಹೊಟ್ಟೆಯ ಬಗ್ಗೆ ಕೇಳುವವರಿಗೆ ಒಂದು ಮಾತು. 2016ರಲ್ಲಿ ಯುರೋಪಿನ ತಜ್ಞರು ಸೇರಿ, ಸಾಮಾನ್ಯ ಲಿಪಿಡ್ ಪರೀಕ್ಷೆಗೆ ಉಪವಾಸ ಕಡ್ಡಾಯವಲ್ಲ ಎಂದರು. ದಿನನಿತ್ಯದ ಊಟದಿಂದ ಟ್ರೈಗ್ಲಿಸರೈಡ್ ಸರಾಸರಿ 26 ಮಿಲಿಗ್ರಾಂವರೆಗೆ ಏರಬಹುದು, ಒಟ್ಟು ಕೊಲೆಸ್ಟರಾಲ್, ಎಲ್‌ಡಿಎಲ್ ಒಂದೊಂದೂ 8 ಮಿಲಿಗ್ರಾಂ ಇಳಿಯಬಹುದು, ಅಷ್ಟೇ. ಮದುವೆಮನೆಯ ಊಟದ ಲೆಕ್ಕ ಇದರಲ್ಲಿ ಸೇರಿಲ್ಲ. ಟ್ರೈಗ್ಲಿಸರೈಡ್ ಜಾಸ್ತಿ ಇರುವವರಿಗೆ ಡಾಕ್ಟರು ಉಪವಾಸ ಹೇಳಿದರೆ ಅದನ್ನು ಪಾಲಿಸಿ.

ಮೈಯೊಳಗೂ ಅಂಕಿ ನಿಂತ ಕಡೆ ನಿಲ್ಲುವುದಿಲ್ಲ. ಯಾವ ತಪ್ಪೂ ಇಲ್ಲದೆ ಒಬ್ಬರದೇ ಒಟ್ಟು ಕೊಲೆಸ್ಟರಾಲ್ ದಿನದಿಂದ ದಿನಕ್ಕೆ ಶೇಕಡಾ 6ರ ಆಸುಪಾಸಿನಲ್ಲಿ, ಟ್ರೈಗ್ಲಿಸರೈಡ್ ಶೇಕಡಾ 20ಕ್ಕೂ ಮಿಕ್ಕಿ ಓಲಾಡುತ್ತವೆ. ಜ್ವರ ಬಂದಾಗ ಕೊಲೆಸ್ಟರಾಲ್ ಇಳಿಯುತ್ತದೆ. ಹೃದಯಾಘಾತವಾದ ಮೇಲೆ ಮೊದಲ ದಿನ ದಾಟಿದರೆ ಇಳಿಯತೊಡಗುತ್ತದೆ. ಬಸುರಿನಲ್ಲಿ ಏರುತ್ತದೆ. ಆದ್ದರಿಂದ ಸೋಮವಾರ ಒಂದು ಲ್ಯಾಬಿನಲ್ಲಿ 204, ಗುರುವಾರ ಇನ್ನೊಂದು ಲ್ಯಾಬಿನಲ್ಲಿ 191 ಬಂದರೆ ಯಾರ ಮೇಲೂ ಜಗಳಕ್ಕೆ ಹೋಗಬೇಕಾಗಿಲ್ಲ. ಅವೆರಡೂ ಒಂದೇ ಉತ್ತರ.

ಜಗಳವಲ್ಲ, ಎರಡು ಪ್ರಶ್ನೆ ಕೇಳಬಹುದು. ಹೊರಗೆ ಕಳಿಸುವ ಸ್ಯಾಂಪಲ್ಲನ್ನು ಇಲ್ಲೇ ತಿರುಗಿಸಿ ಸೀರಂ ಬೇರ್ಪಡಿಸಿ ಕಳಿಸುತ್ತೀರಾ, ಹಾಗೇ ಕಳಿಸುತ್ತೀರಾ? ಇದು ಮೊದಲನೆಯದು. ಎರಡನೆಯದನ್ನು ಪ್ರಶ್ನೆಯಾಗಿ ಕೇಳುವುದೂ ಬೇಡ. ಪಟ್ಟಿ ಬಿಗಿದವರು ಬೇರೆ ಕಡೆ ತಿರುಗಿದರೆ, "ತಮ್ಮಾ, ಪಟ್ಟಿ ಸ್ವಲ್ಪ ಸಡ್ಲ ಮಾಡಪ್ಪಾ" ಎಂದರೆ ಸಾಕು. ಮಾತ್ರೆ ಶುರು ಮಾಡುವ, ಬದಲಿಸುವ ಮಾತು ಬಂದರೆ ಎರಡು ಮೂರು ವಾರ ಬಿಟ್ಟು, ಅದೇ ಲ್ಯಾಬಿನಲ್ಲಿ, ಅದೇ ಹೊತ್ತಿನಲ್ಲಿ ಇನ್ನೊಂದು ಸಲ ಮಾಡಿಸಿ, ಎರಡೂ ರಿಪೋರ್ಟ್ ಡಾಕ್ಟರಿಗೆ ತೋರಿಸಿ. ಈಗಾಗಲೇ ನುಂಗುತ್ತಿರುವ ಮಾತ್ರೆಯನ್ನು ಈ ಮಾತು ಕೇಳಿ ನಿಲ್ಲಿಸಬೇಡಿ. ಬಹಳಷ್ಟು ರಿಪೋರ್ಟುಗಳ ತಲೆಯ ಮೇಲೆ ಸ್ಯಾಂಪಲ್ ತೆಗೆದ ಹೊತ್ತು, ಲ್ಯಾಬಿಗೆ ತಲುಪಿದ ಹೊತ್ತು ಎರಡೂ ಅಚ್ಚಾಗಿರುತ್ತವೆ. ಕೆಂಪು ಗುರುತಿನ ಅಂಕಿಗೆ ಕಣ್ಣು ಹಾಯಿಸುವ ಮೊದಲು ಆ ಎರಡು ಗೆರೆ ಓದಿ. ನಡುವೆ ಇರುವುದು ಒಂದು ರಾತ್ರಿಯಾದರೆ ಚಿಂತೆ ಬೇಡ. ಮೂರು ನಾಲ್ಕು ದಿನವಾಗಿದ್ದರೆ ಲ್ಯಾಬಿಗೆ ಒಂದು ಫೋನ್ ಮಾಡಿ.